ಬಿಸಿಲಿನ ಬೆಳೆಗೆ ಎಷ್ಟು ಕೈ ಬೇಕು?

ಪಾವಗಡದಿಂದ ತಿರುಮಣಿಯ ಕಡೆಗೆ ಹೊರಟರೆ ಸ್ವಲ್ಪ ದೂರದ ನಂತರ ಹೊಲಗಳು ಮುಗಿದುಹೋಗುತ್ತವೆ. ಅಲ್ಲಿಂದ ಮುಂದೆ ಕಣ್ಣು ಹಾಯುವಷ್ಟು ದೂರ ತಂತಿ ಬೇಲಿ, ಬೇಲಿಯ ಒಳಗೆ ಬಾನಿಗೆ ಮುಖವೊಡ್ಡಿ ನಿಂತ ಕಡುನೀಲಿ ಫಲಕಗಳ ಸಾಲು. ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚರ್ಲು, ರಾಯಚರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡ ಈ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿಯಾದ ಇದಕ್ಕೆ ಇಟ್ಟ ಹೆಸರು ‘ಶಕ್ತಿ ಸ್ಥಳ’. ಅದಕ್ಕೂ ಮೊದಲು ಈ ನೆಲದಲ್ಲಿ ಹೆಚ್ಚಾಗಿ ಬೆಳೆಯುತ್ತಿದ್ದದ್ದು ಕಡಲೆಕಾಯಿ, ಅದೂ ಮಳೆ ಕೈಹಿಡಿದ ವರ್ಷ.

ಶುದ್ಧ ಇಂಧನಕ್ಕೆ ಹಣ ಹೂಡಿದರೆ ಉದ್ಯೋಗ ಹುಟ್ಟುತ್ತದೆ ಎಂಬ ಮಾತು ಹೂಡಿಕೆದಾರರ ಸಮಾವೇಶಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಎಷ್ಟು ಕೋಟಿ, ಎಷ್ಟು ಮೆಗಾವ್ಯಾಟ್ ಎಂದು ಲೆಕ್ಕ ಕೊಡುವವರು ಯಾರಿಗೆ ಕೆಲಸ, ಎಷ್ಟು ತಿಂಗಳು, ಯಾವ ಸಂಬಳಕ್ಕೆ ಎಂಬ ಲೆಕ್ಕಕ್ಕೆ ಬರುವ ಹೊತ್ತಿಗೆ ಸಮಾವೇಶ ಮುಗಿದಿರುತ್ತದೆ. ನನ್ನನ್ನು ಕಾಡುವುದು ಈ ಎರಡನೆಯ ಲೆಕ್ಕ. ಒಂದು ಮೆಗಾವ್ಯಾಟ್ ಸೌರ ವಿದ್ಯುತ್ತನ್ನು ಎಲ್ಲಿ, ಹೇಗೆ ಕಟ್ಟುತ್ತೇವೆ ಎಂಬುದರ ಮೇಲೆ ಅದು ಕೊಡುವ ಕೆಲಸ ಏಳು ಪಟ್ಟು ಹೆಚ್ಚಾಗಬಹುದು ಅಥವಾ ಏಳರಲ್ಲಿ ಒಂದು ಪಾಲಿಗೆ ಇಳಿಯಬಹುದು. ಅದನ್ನು ನಿರ್ಧರಿಸುವುದು ಬಿಸಿಲಲ್ಲ, ಒಪ್ಪಂದದ ಕಾಗದ.

ಪಾವಗಡದ ಒಪ್ಪಂದದಲ್ಲಿ ಒಳ್ಳೆಯದು ಇದ್ದೇ ಇದೆ, ಅದನ್ನು ಮೊದಲು ಹೇಳಬೇಕು. ಇಲ್ಲಿ ಸರ್ಕಾರ ರೈತರ ಭೂಮಿಯನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ. ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ದೀರ್ಘಾವಧಿಯ ಗುತ್ತಿಗೆಗೆ ಪಡೆಯಿತು. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಬರದ ಮೇಲೆ ಬರ ಕಂಡು, ಬೋರ್‌ವೆಲ್ ಕೊರೆಸಿ ಸಾಲ ಮಾಡಿಕೊಂಡು, ಗಂಟು ಕಟ್ಟಿ ಬೆಂಗಳೂರಿಗೆ ಹೋಗುತ್ತಿದ್ದ ತಾಲ್ಲೂಕಿಗೆ ಮಳೆಯ ಹಂಗಿಲ್ಲದೆ ಬರುವ ಹಣ ಸಣ್ಣದಲ್ಲ.

ಆದರೆ ಗುಣಾಕಾರ ಮಾಡಿ ನೋಡಿ. ನಲವತ್ತು ಎಕರೆ ಇದ್ದವರಿಗೆ ಮೊದಲ ವರ್ಷ 8 ಲಕ್ಷ 40 ಸಾವಿರ. ಎರಡು ಎಕರೆ ಇದ್ದವರಿಗೆ 42,000, ಅಂದರೆ ತಿಂಗಳಿಗೆ 3,500 ರೂಪಾಯಿ. ಎಕರೆಯೇ ಇಲ್ಲದವರಿಗೆ? ಸೊನ್ನೆ. ಕಡಲೆಕಾಯಿ ಬಿತ್ತುವಾಗ, ಕಳೆ ತೆಗೆಯುವಾಗ, ಗಿಡ ಕಿತ್ತು ಕಾಯಿ ಬಿಡಿಸುವಾಗ ಕೂಲಿ ಸಿಗುತ್ತಿದ್ದದ್ದು ಭೂಮಿ ಇಲ್ಲದ ಮನೆಗಳಿಗೆ, ಅದರಲ್ಲೂ ಹೆಂಗಸರಿಗೆ. ಬೆಳೆ ಮುಗಿದ ಹೊಲದಲ್ಲಿ ಕುರಿ ಮೇಯುತ್ತಿದ್ದದ್ದೂ ಬಹುಪಾಲು ಅದೇ ಮನೆಗಳವರದು. ಬೇಲಿ ಬಿದ್ದ ದಿನ ಇವೆರಡೂ ನಿಂತವು. ನಿಂತದ್ದಕ್ಕೆ ಬಾಡಿಗೆ ಕೊಡುವ ಕಲಮು ಯಾವ ಗುತ್ತಿಗೆ ಪತ್ರದಲ್ಲೂ ಇರಲಿಲ್ಲ, ಏಕೆಂದರೆ ಕೂಲಿಗೆ ಪಹಣಿ ಇರುವುದಿಲ್ಲ.

ಇನ್ನು ಪಾರ್ಕಿನೊಳಗಿನ ಕೆಲಸ. ಇಂಧನ, ಪರಿಸರದ ಅಧ್ಯಯನ ನಡೆಸುವ ಸಿಇಇಡಬ್ಲ್ಯು ಮತ್ತು ಎನ್‌ಆರ್‌ಡಿಸಿ ಸಂಸ್ಥೆಗಳು 2017ರಲ್ಲಿ ಭಾರತದ ಸೌರ ಕಂಪನಿಗಳನ್ನು ಕೇಳಿ ಮಾಡಿದ ಲೆಕ್ಕ ಈಗಲೂ ಎಲ್ಲರೂ ಬಳಸುವ ಅಳತೆಗೋಲು. ನೆಲದ ಮೇಲಿನ ದೊಡ್ಡ ಸೌರ ಸ್ಥಾವರದಲ್ಲಿ ಪ್ರತಿ ಮೆಗಾವ್ಯಾಟಿಗೆ ಹುಟ್ಟುವ ಕೆಲಸ 3.45. ಇದರಲ್ಲಿ 2.70 ಭಾಗ ಕಟ್ಟುವಾಗಿನದು: ಕಂಬ ನೆಡುವುದು, ಚೌಕಟ್ಟು ಜೋಡಿಸುವುದು, ಫಲಕ ಹೊತ್ತು ಕೂರಿಸುವುದು, ತಂತಿ ಎಳೆಯುವುದು. ಕಟ್ಟುವುದು ಮುಗಿಯಿತೋ, ಆ ಕೆಲಸವೂ ಮುಗಿಯಿತು. ವರ್ಷಾನುಗಟ್ಟಲೆ ನಿಲ್ಲುವ ನಿರ್ವಹಣೆಯ ಕೆಲಸ ಮೆಗಾವ್ಯಾಟಿಗೆ ಅರ್ಧ, ಎಂದರೆ ಎರಡು ಮೆಗಾವ್ಯಾಟಿಗೆ ಒಬ್ಬರು. ಈ ಲೆಕ್ಕವನ್ನು 2,050 ಮೆಗಾವ್ಯಾಟಿಗೆ ಹಚ್ಚಿದರೆ ಸುಮಾರು ಸಾವಿರ ಜನ, 13,000 ಎಕರೆಗೆ. ಆ ಸಾವಿರದಲ್ಲಿ ಸುತ್ತಲಿನ ಊರುಗಳವರಿಗೆ ಒದಗುವುದು ಹೆಚ್ಚಾಗಿ ಮೂರು ಕೆಲಸ: ಕಾವಲು ಕಾಯುವುದು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು. ತೊಳೆಯುವ ಕೆಲಸವನ್ನು ಬಿಸಿಲೇರುವ ಮುನ್ನವೇ ಮುಗಿಸಬೇಕು, ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಗಾಜಿಗೆ ಪೆಟ್ಟು. ಉದ್ದನೆಯ ಕೋಲಿನ ತುದಿಯ ಒರಸು, ಹಿಂದೆ ಎಳೆದುಕೊಂಡು ಬರುವ ನೀರಿನ ಪೈಪು, ಒಂದಾದ ಮೇಲೆ ಒಂದು ಸಾಲು. ಈ ಕೆಲಸಕ್ಕೂ ಈಗ ನೀರಿಲ್ಲದೆ ಧೂಳು ಒರೆಸುವ ರೋಬಾಟ್‌ಗಳು ಬಂದಿವೆ. ಬರದ ಸೀಮೆಯಲ್ಲಿ ನೀರು ಉಳಿದರೆ ಒಳ್ಳೆಯದೇ. ಕೆಲಸ ಮಾತ್ರ ಇನ್ನಷ್ಟು ಸೊರಗುತ್ತದೆ.

ಹೆಸರಿನಲ್ಲಿ ಶಕ್ತಿ ಇರುವ ಇನ್ನೊಂದು ಊರು ರಾಜ್ಯದಲ್ಲಿದೆ: ಕೃಷ್ಣಾ ನದಿಯ ದಂಡೆಯ ಶಕ್ತಿನಗರ. ಅಲ್ಲಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಕೆಲಸ ಆರಂಭಿಸಿದ್ದು 1985ರಲ್ಲಿ. ಈಗ ಎಂಟು ಘಟಕ, 1,720 ಮೆಗಾವ್ಯಾಟ್. ಪಾವಗಡಕ್ಕಿಂತ ಸಾಮರ್ಥ್ಯ ಕಡಿಮೆ (ರಾತ್ರಿಯೂ ಓಡುವ ಕಾರಣ ಕೊಡುವ ಯೂನಿಟ್ ಹೆಚ್ಚು ಎಂಬುದು ಬೇರೆ ಮಾತು). ಆದರೆ ಅಲ್ಲಿ ಸ್ಥಾವರದ ಜೊತೆಗೇ ಒಂದು ಊರು ಎದ್ದಿತು. ನೌಕರರ ವಸತಿ ಗೃಹ, ಶಾಲೆ, ಆಸ್ಪತ್ರೆ, ಸಂತೆ, ಕಾರ್ಮಿಕ ಸಂಘ, ಬಡ್ತಿ, ನಿವೃತ್ತಿಯ ದಿನದ ಹಾರ. ಪಾವಗಡದಲ್ಲಿ ಹಾಗೆ ಆಗಲಿಲ್ಲ. ಕಾರಣ ಸರಳ: ಕಲ್ಲಿದ್ದಲನ್ನು ತರಬೇಕು, ವ್ಯಾಗನ್ ಬರಿದು ಮಾಡಬೇಕು, ಅರೆಯಬೇಕು, ಉರಿಸಬೇಕು, ಬಾಯ್ಲರ್ ಕಾಯಬೇಕು, ಬೂದಿ ಸಾಗಿಸಬೇಕು. ಆ ಬೂದಿಯನ್ನೇ ನಂಬಿ ಇಟ್ಟಿಗೆ ಗೂಡು, ಲಾರಿ, ಸಿಮೆಂಟ್. ಬಿಸಿಲಿಗೆ ವ್ಯಾಗನ್ ಬೇಡ. ಅದು ತಾನಾಗಿ ಬರುತ್ತದೆ, ಬೂದಿ ಬಿಡದೆ ಹೋಗುತ್ತದೆ.

ಇದನ್ನು ಹೇಳುವಾಗ ಶಕ್ತಿನಗರದ ಹಾರುಬೂದಿಯನ್ನು ಉಸಿರಾಡಿದವರನ್ನು ನಾನು ಮರೆತಿಲ್ಲ. ಕಲ್ಲಿದ್ದಲಿನ ಕಾಲವೇ ಚೆನ್ನಾಗಿತ್ತು ಎಂಬ ವಾದ ನನ್ನದಲ್ಲ. ಅಲ್ಲಿಯೂ ಕಾಯಂ ನೌಕರನಿಗೆ ಒಂದು ಬದುಕು, ಗುತ್ತಿಗೆ ಕಾರ್ಮಿಕನಿಗೆ ಇನ್ನೊಂದು. ನನ್ನ ಮಾತು ಇಷ್ಟೇ: ಇಂಧನವನ್ನು ಹೊರುವ ಕೆಲಸ ಹೋದ ಮೇಲೆ, ಕೆಲಸ ಎಲ್ಲಿರುತ್ತದೆ ಎಂದು ಹುಡುಕಿ ಹಣವನ್ನು ಅಲ್ಲಿ ಹೂಡಬೇಕು. ನಾವು ಹೂಡುತ್ತಿರುವುದು ಬಹುಪಾಲು ಕೆಲಸ ಎಲ್ಲಕ್ಕಿಂತ ಕಡಿಮೆ ಇರುವ ಕಡೆ. ಟೆಂಡರಿನಲ್ಲಿ ಕೇಳುವ ಪ್ರಶ್ನೆ ಒಂದೇ: ಯೂನಿಟ್ಟಿಗೆ ಎಷ್ಟು ಕಡಿಮೆಗೆ ಕೊಡುತ್ತೀರಿ? 2017ರಲ್ಲಿ ರಾಜಸ್ಥಾನದ ಭಡ್ಲಾ ಪಾರ್ಕಿಗೆ ಬಂದ ದರ 2 ರೂಪಾಯಿ 44 ಪೈಸೆ. 2020ರ ಕೊನೆಗೆ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆ. ದರ ಇಳಿದದ್ದು ಗ್ರಾಹಕನಿಗೆ ಲಾಭ. ಆದರೆ ಪೈಸೆ ಪೈಸೆಗೂ ಪೈಪೋಟಿ ನಡೆಸಿ ಗೆದ್ದ ಕಂಪನಿ ಫಲಕದ ಬೆಲೆಯನ್ನು ಇಳಿಸಲಾರದು, ಬ್ಯಾಂಕಿನ ಬಡ್ಡಿಯನ್ನು ಇಳಿಸಲಾರದು. ಕಾವಲುಗಾರನ ಸಂಬಳವನ್ನು ಇಳಿಸಬಲ್ಲದು.

ಹಾಗಾದರೆ ಕೆಲಸ ಎಲ್ಲಿದೆ? ತಲೆ ಎತ್ತಿ ನೋಡಿದರೆ ಕಾಣುತ್ತದೆ. ಅದೇ ಸಿಇಇಡಬ್ಲ್ಯು ಲೆಕ್ಕದಲ್ಲಿ ಚಾವಣಿಯ ಮೇಲಿನ ಸೌರ ವಿದ್ಯುತ್ತು ಮೆಗಾವ್ಯಾಟಿಗೆ ಕೊಡುವ ಕೆಲಸ 24.72. ದೊಡ್ಡ ಪಾರ್ಕಿನ ಏಳು ಪಟ್ಟು. ಏಕೆ ಎಂಬುದು ಕಷ್ಟದ ಗಣಿತವಲ್ಲ. ಒಂದು ಮೆಗಾವ್ಯಾಟ್ ಆಗಬೇಕಾದರೆ 3 ಕಿಲೋವ್ಯಾಟಿನ 330ಕ್ಕೂ ಹೆಚ್ಚು ಮನೆಗಳನ್ನು ಹತ್ತಬೇಕು. ಪ್ರತಿ ಮನೆಯಲ್ಲೂ ಮಾತುಕತೆ, ನೆರಳಿನ ಅಳತೆ, ಆರ್‌ಸಿಸಿಯ ತಾಕತ್ತಿನ ಪರೀಕ್ಷೆ, ವಿನ್ಯಾಸ, ಅರ್ಜಿ, ಜೋಡಣೆ, ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ತಪಾಸಣೆ, ಹೋಗುವ ಬರುವ ವಿದ್ಯುತ್ತನ್ನೆಲ್ಲ ಅಳೆಯುವ ನೆಟ್ ಮೀಟರ್. ಒಂದು ತೆಂಗಿನ ಮರದ ನೆರಳು ಬಿದ್ದರೂ ಲೆಕ್ಕ ಬದಲಾಗುತ್ತದೆ. ಪ್ರತಿ ಚಾವಣಿಯೂ ಬೇರೆ, ಆದ್ದರಿಂದ ಪ್ರತಿ ಚಾವಣಿಗೂ ಮನುಷ್ಯನ ತಲೆ ಮತ್ತು ಕೈ ಬೇಕು. ಈ ಕೆಲಸವನ್ನು ಚೀನಾದ ಶೆನ್‌ಝೆನ್‌ನಿಂದ ಆಮದು ಮಾಡಿಕೊಳ್ಳಲು ಬರುವುದಿಲ್ಲ. ತುಮಕೂರಿನ ಮನೆಗೆ ತುಮಕೂರಿನವರೇ ಹತ್ತಬೇಕು.

ಇದು ಕೌಶಲದ ಕೆಲಸವೂ ಹೌದು. ಫಲಕದಿಂದ ಬರುವ ನೇರ ವಿದ್ಯುತ್ತಿನ ತಂತಿಯ ತುದಿಗೆ ಒಂದು ಕಿರುಬೆರಳಿನಷ್ಟು ಗಾತ್ರದ ಕನೆಕ್ಟರ್ ಕೂರಿಸಬೇಕು. ತಂತಿಯ ಹೊದಿಕೆಯನ್ನು ಬೇಕಾದಷ್ಟೇ ಸುಲಿದು, ತಾಮ್ರದ ಎಳೆ ಒಂದೂ ತುಂಡಾಗದಂತೆ ಲೋಹದ ಕೊಳವೆಯೊಳಗೆ ತೂರಿಸಿ, ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿ, ಪ್ಲಾಸ್ಟಿಕ್ ಗೂಡಿನೊಳಗೆ ‘ಟಕ್’ ಎನ್ನುವವರೆಗೆ ತಳ್ಳಬೇಕು. ಸಾಮಾನ್ಯ ಪಕ್ಕಡಿನಲ್ಲಿ ಹಿಚುಕಿದರೂ ಆ ದಿನ ದೀಪ ಉರಿಯುತ್ತದೆ. ಎರಡು ಬೇಸಿಗೆ ಕಳೆದ ಮೇಲೆ ಸಡಿಲವಾದ ಆ ಸಂದಿಯಲ್ಲಿ ಕಿಡಿ ಹಾರಿ, ಗೂಡು ಕರಗಿ, ಬೆಂಕಿ ಹತ್ತುವ ಅಪಾಯ ಇರುವುದು ಅಲ್ಲಿಯೇ. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಸಂಬಳ ಕೊಡಬೇಕು ಎಂಬುದು ಕರುಣೆಯ ಮಾತಲ್ಲ ಎಂದು ನಾನು ಹೇಳುವುದು ಈ ಬೆರಳುದ್ದದ ವಸ್ತುವನ್ನು ನೋಡಿ. ಮನೆಯ ಮೇಲೆ 25 ವರ್ಷ ನಿಲ್ಲಬೇಕಾದ ಯಂತ್ರವನ್ನು ದಿನಗೂಲಿಗೆ ಬಂದು ನಾಳೆ ಬೇರೆ ಕಡೆ ಹೋಗುವವರ ಕೈಗೆ ಒಪ್ಪಿಸಿದರೆ ನಷ್ಟ ಮನೆಯವರದು.

ಈಗ ಆಗುತ್ತಿರುವುದು ಬಹುಪಾಲು ಅದೇ. ಚಾವಣಿಯ ಗುತ್ತಿಗೆಗಳು ಸಣ್ಣ ಸಣ್ಣ ಏಜೆನ್ಸಿಗಳ ಕೈಯಲ್ಲಿವೆ. ಅವರು ಮತ್ತೆ ಒಳಗುತ್ತಿಗೆ ಕೊಡುತ್ತಾರೆ. ಸೊಂಟಕ್ಕೆ ಬೆಲ್ಟ್ ಕಟ್ಟದೆ ಮೂರನೆಯ ಮಹಡಿಯ ಅಂಚಿನಲ್ಲಿ ನಿಂತು ಚೌಕಟ್ಟು ಎಳೆಯುವ ಹುಡುಗರನ್ನು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ನೋಡಬಹುದು. ಅವರಲ್ಲಿ ಭವಿಷ್ಯ ನಿಧಿ ಇದ್ದವರು ವಿರಳ. ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ‘ಸೂರ್ಯಮಿತ್ರ’ ತರಬೇತಿ ಮೂರು ತಿಂಗಳ, 600 ಗಂಟೆಗಳ ಒಳ್ಳೆಯ ಕೋರ್ಸು. ಆದರೆ ಪ್ರಮಾಣಪತ್ರ ಇರುವವರನ್ನೇ ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂಬ ಕಟ್ಟು ಇಲ್ಲದಿರುವಾಗ ಕಲಿತವನಿಗೂ ಕಲಿಯದವನಿಗೂ ಸಿಗುವುದು ಒಂದೇ ಕೂಲಿ. ಇನ್ನು ಹೆಂಗಸರು: 2019ರ ಒಂದು ಅಧ್ಯಯನದ ಪ್ರಕಾರ ಭಾರತದ ಚಾವಣಿ ಸೌರ ಕ್ಷೇತ್ರದಲ್ಲಿ ಅವರ ಪಾಲು ಶೇ 11. ಇಡೀ ಜಗತ್ತಿನ ನವೀಕರಿಸಬಹುದಾದ ಇಂಧನದಲ್ಲಿ ಅದು ಶೇ 32.

ಕರ್ನಾಟಕದಲ್ಲಿ ಚಾವಣಿಗೆ ಇನ್ನೊಂದು ತೊಡಕಿದೆ, ಅದನ್ನು ನಾವು ಮುಖಾಮುಖಿ ಮಾತಾಡುವುದು ಕಡಿಮೆ. 2024ರಲ್ಲಿ ಬಂದ ಕೇಂದ್ರದ ‘ಸೂರ್ಯಘರ್’ ಯೋಜನೆ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ. ಗುಜರಾತ್, ಮಹಾರಾಷ್ಟ್ರ, ಕೇರಳದ ಮನೆಗಳು ಮುಗಿಬಿದ್ದು ಹಾಕಿಸಿಕೊಂಡವು. ನಮ್ಮಲ್ಲಿ ಓಟ ನಿಧಾನ. 2023ರ ಆಗಸ್ಟಿನಲ್ಲಿ ಜಾರಿಯಾದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲೇ ಬರದಿರುವಾಗ ಕೈಯಿಂದ ಲಕ್ಷ ರೂಪಾಯಿ ಹಾಕಿ ಫಲಕ ಏಕೆ ಕೂರಿಸಬೇಕು ಎಂಬ ಪ್ರಶ್ನೆ ಮನೆಯವರ ದೃಷ್ಟಿಯಿಂದ ನ್ಯಾಯವಾದದ್ದೇ. ಗೃಹಜ್ಯೋತಿ ಬಡವರ ಮನೆಯ ಭಾರ ಇಳಿಸಿದೆ, ಅದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಸರ್ಕಾರ ಪ್ರತಿ ತಿಂಗಳು ಎಸ್ಕಾಂಗಳಿಗೆ ಕಟ್ಟುವ ಆ ಹಣದ ಒಂದು ಪಾಲನ್ನು ಅದೇ ಮನೆಗಳ ಮೇಲೆ ಫಲಕ ಕೂರಿಸಲು ಮುಂಗಡವಾಗಿ ಹೂಡಿದರೆ? 2 ಕಿಲೋವ್ಯಾಟಿನ ಫಲಕ ನಮ್ಮ ಬಿಸಿಲಿಗೆ ತಿಂಗಳಿಗೆ 200 ಯೂನಿಟ್ ದಾಟಿಸುತ್ತದೆ. ಪ್ರತಿ ವರ್ಷ ಖರ್ಚಾಗಿ ಹೋಗುವ ಸಬ್ಸಿಡಿ ಕಾಲು ಶತಮಾನ ಉಳಿಯುವ ಆಸ್ತಿಯಾಗುತ್ತದೆ, ತಾಲ್ಲೂಕು ತಾಲ್ಲೂಕಿನಲ್ಲೂ ಜೋಡಿಸುವವರಿಗೆ ವರ್ಷಗಟ್ಟಲೆ ಕೆಲಸ ಹುಟ್ಟುತ್ತದೆ. ತಗಡಿನ ಮನೆ, ಬಾಡಿಗೆ ಮನೆಗಳಿಗೆ ಇದು ಒಗ್ಗುವುದಿಲ್ಲ ಎಂಬುದು ನಿಜ. ಅಂಥವರ ಪಾಲಿಗೆ ಶಾಲೆ, ಪಂಚಾಯಿತಿ, ಎಪಿಎಂಸಿ ಗೋದಾಮುಗಳ ಚಾವಣಿಗಳಿವೆ. ಪಂಪ್‌ಸೆಟ್ ಫೀಡರುಗಳಿಗೆ ಹಗಲು ವಿದ್ಯುತ್ ಕೊಡಲು ಕುಸುಮ್ ಯೋಜನೆಯಡಿ ಸಬ್‌ಸ್ಟೇಷನ್ನುಗಳ ಹತ್ತಿರ ಕಟ್ಟುವ ಸಣ್ಣ ಸ್ಥಾವರಗಳೂ ಇದೇ ದಾರಿಯವು: ಎಲ್ಲವನ್ನೂ ಒಂದು ತಾಲ್ಲೂಕಿನಲ್ಲಿ ಗುಡ್ಡೆ ಹಾಕದೆ ಹಂಚುವ ದಾರಿ.

ಕಾರ್ಖಾನೆಗಳ ವಿಷಯವನ್ನು ಚುರುಕಾಗಿ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಐರೀನಾದ ಲೆಕ್ಕದಂತೆ 2023ರಲ್ಲಿ ಜಗತ್ತಿನ ನವೀಕರಿಸಬಹುದಾದ ಇಂಧನ ಕ್ಷೇತ್ರದಲ್ಲಿದ್ದ ಉದ್ಯೋಗ 1 ಕೋಟಿ 62 ಲಕ್ಷ. ಚೀನಾದ್ದೇ 74 ಲಕ್ಷ, ಭಾರತದ್ದು ಸುಮಾರು 10 ಲಕ್ಷ. ನಮ್ಮ ಹತ್ತು ಲಕ್ಷದಲ್ಲಿ ದೊಡ್ಡ ಪಾಲು ಆ ವರ್ಷ ಜಲವಿದ್ಯುತ್ತಿನದು, ಸೌರ ಫಲಕಗಳದ್ದು 3 ಲಕ್ಷ ಚಿಲ್ಲರೆ. ಚೀನಾ ಫಲಕವನ್ನು ಹಾಕುವುದಷ್ಟೇ ಅಲ್ಲ, ಮಾಡುತ್ತದೆ, ಅಂತರ ಅಲ್ಲಿದೆ. ಬೆಂಗಳೂರು ಈ ಕೆಲಸಕ್ಕೆ ಹೊಸತಲ್ಲ. ಟಾಟಾ ಬಿಪಿ ಸೋಲಾರ್ ಇಲ್ಲಿ 1989ರಲ್ಲೇ ಶುರುವಾಯಿತು, ನೀರು ಕಾಯಿಸುವ ಸೌರ ಯಂತ್ರಗಳಿಂದ ಆರಂಭಿಸಿದ ಎಮ್ವಿ ಕಂಪನಿ ಈಗ ಫಲಕ ಮಾಡುತ್ತದೆ. ಉತ್ಪಾದನೆಗೆ ಪ್ರೋತ್ಸಾಹಧನವಾಗಿ ಕೇಂದ್ರ ಎರಡು ಕಂತಿನಲ್ಲಿ 24,000 ಕೋಟಿ ರೂಪಾಯಿ ಎತ್ತಿಟ್ಟ ಮೇಲೆ ದೇಶದ ಫಲಕ ಕಾರ್ಖಾನೆಗಳು ವೇಗವಾಗಿ ಬೆಳೆದಿವೆ. ತಮಿಳುನಾಡಿನ ತಿರುನೆಲ್ವೇಲಿಯ ಟಾಟಾ ಪವರ್ ಕಾರ್ಖಾನೆಯಲ್ಲಿ ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ಕೊಡುವ ಮನಸ್ಸಿದ್ದರೆ ಕೆಲಸ ಕೊಡಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೆಲಸದ ಮೂರನೆಯ ಜಾಗವನ್ನು ಹೂಡಿಕೆದಾರರ ಸಮಾವೇಶದವರು ಲೆಕ್ಕಕ್ಕೇ ಹಿಡಿಯುವುದಿಲ್ಲ: ವಿದ್ಯುತ್ತನ್ನು ಬಳಸುವ ಜಾಗ. ಹರೀಶ್ ಹಂದೆ 1995ರಲ್ಲಿ ಹಳ್ಳಿಯ ಬಡ ಮನೆಗಳಿಗೆ ಸೌರ ವಿದ್ಯುತ್ ಒದಗಿಸುವ ಸೆಲ್ಕೋ ಕಂಪನಿ ಕಟ್ಟಿದಾಗಿನಿಂದ ಹೇಳುತ್ತ ಬಂದದ್ದು ಇದನ್ನೇ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿ. ಬಿಸಿನೀರಿನಲ್ಲಿ ಹಿಟ್ಟು ನಾದಿ, ಅಂಗೈಯಲ್ಲಿ ತಟ್ಟಿ ತಿರುಗಿಸಿ, ಕಾಗದದಷ್ಟು ತೆಳ್ಳಗೆ ಮಾಡುವುದರಲ್ಲಿ ಭುಜ ಸೋತುಹೋಗುತ್ತದೆ. ಖಾನಾವಳಿಗೆ ರೊಟ್ಟಿ ಮಾಡಿ ಕೊಡುವ ಮಹಿಳೆ ದಿನಕ್ಕೆ ಎಷ್ಟು ರೊಟ್ಟಿ ಮಾಡಬಹುದು ಎಂಬುದಕ್ಕೆ ಮಿತಿ ಹಾಕುವುದು ಗಿರಾಕಿಯಲ್ಲ, ಅವಳ ಹೆಗಲು. ಹಿಟ್ಟಿನ ಉಂಡೆಯನ್ನು ಒತ್ತಿ ಹಾಳೆ ಮಾಡುವ ಸಣ್ಣ ಯಂತ್ರಕ್ಕೆ ಚಾವಣಿಯ ಮೇಲೆ ಒಂದೆರಡು ಫಲಕ, ಮೂಲೆಯಲ್ಲಿ ಒಂದು ಬ್ಯಾಟರಿ ಸಾಕು. ಕಮ್ಮಾರನ ಕುಲುಮೆಯ ತಿದಿಯ ಬದಲು ಸೌರ ಬ್ಲೋವರ್, ದರ್ಜಿಯ ಕಾಲಿನ ಬದಲು ಸೌರ ಮೋಟಾರು. ಇಲ್ಲಿ ಬೇಕಾದ ಬಂಡವಾಳ ಕೋಟಿಯಲ್ಲ, ಲಕ್ಷದ ಆಸುಪಾಸು. ಅಡ್ಡ ನಿಲ್ಲುವುದು ಬ್ಯಾಂಕಿನ ಜಾಮೀನು. ಸಾವಿರ ಕೋಟಿಯ ಪಾರ್ಕಿಗೆ ಸಾಲ ಮಂಜೂರು ಮಾಡುವ ವ್ಯವಸ್ಥೆ ರೊಟ್ಟಿ ಮಾಡುವವಳನ್ನು ಗಂಡನ ಸಹಿ ತರಲು ಕಳಿಸುತ್ತದೆ. ಹಾಗೆ ಸಾಲ ಸಿಕ್ಕು ಹುಟ್ಟಿದ ಕೆಲಸಕ್ಕೆ ಗುತ್ತಿಗೆದಾರನಿಲ್ಲ, ಯಜಮಾನತಿ ಅವಳೇ.

ದೊಡ್ಡ ಪಾರ್ಕುಗಳು ಬೇಡವೆಂದಲ್ಲ. ಕಲ್ಲಿದ್ದಲನ್ನು ಬಿಡಬೇಕಾದ ವೇಗಕ್ಕೆ ಅವು ಬೇಕೇ ಬೇಕು, ಬರಿಯ ಚಾವಣಿಯಿಂದ ರಾಜ್ಯದ ಕಾರ್ಖಾನೆಗಳು ಓಡವು. ಆದರೆ ಸರ್ಕಾರದ ಮೂಲಕ ಪಡೆದ ನೆಲ, ಸಾರ್ವಜನಿಕರ ಲೈನು, ಸಾರ್ವಜನಿಕರ ಖರೀದಿ ಒಪ್ಪಂದದ ಮೇಲೆ ನಿಂತ ಹೂಡಿಕೆಗೆ ಶರತ್ತು ಹಾಕುವ ಹಕ್ಕು ಸಾರ್ವಜನಿಕರಿಗೆ ಇದೆ. ಅಮೆರಿಕ 2022ರ ಕಾನೂನಿನಲ್ಲಿ ಅದನ್ನು ಮಾಡಿ ತೋರಿಸಿತು. ದೊಡ್ಡ ಸ್ಥಾವರ ಕಟ್ಟುವವರಿಗೆ ಮೂಲ ತೆರಿಗೆ ರಿಯಾಯಿತಿ ಶೇ 6 ಮಾತ್ರ. ಆ ಪ್ರದೇಶದಲ್ಲಿ ರೂಢಿಯಲ್ಲಿರುವ ಸಂಬಳವನ್ನು ಕಾರ್ಮಿಕರಿಗೆ ಕೊಟ್ಟು, ಕೆಲಸದ ಗಂಟೆಗಳಲ್ಲಿ ಒಂದು ಪಾಲನ್ನು ಕಲಿಕಾರ್ಥಿಗಳಿಗೆ ಮೀಸಲಿಟ್ಟರೆ ಅದು ಶೇ 30. ಐದು ಪಟ್ಟು. ಬೈದು ಬುದ್ಧಿ ಹೇಳುವ ಅಗತ್ಯವಿಲ್ಲ, ಲೆಕ್ಕವೇ ಕಂಪನಿಯನ್ನು ದಾರಿಗೆ ತರುತ್ತದೆ. ಆ ರಿಯಾಯಿತಿಗಳನ್ನು 2025ರಲ್ಲಿ ಅಲ್ಲಿನ ಹೊಸ ಸರ್ಕಾರ ಮೊಟಕು ಮಾಡಿದ್ದು ಅಲ್ಲಿನ ರಾಜಕೀಯ. ಸೂತ್ರ ತಪ್ಪಾಗಿರಲಿಲ್ಲ.

ನಮ್ಮ ಮುಂದಿನ ಪಾರ್ಕಿನ ಟೆಂಡರಿನಲ್ಲಿ ಅಂಥ ಮೂರು ಸಾಲು ಸೇರಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಆ ಊರುಗಳ ಭೂಮಿಯಿಲ್ಲದ ಮನೆಗಳಿಗೆ ತರಬೇತಿ ಮತ್ತು ನಿರ್ವಹಣೆಯ ಕೆಲಸದಲ್ಲಿ ಮೊದಲ ಹಕ್ಕು. ಕಾವಲುಗಾರನಿಂದ ತಂತ್ರಜ್ಞನವರೆಗೆ ಭವಿಷ್ಯ ನಿಧಿ ಮತ್ತು ಇಎಸ್‌ಐ, ಒಳಗುತ್ತಿಗೆದಾರನ ಹೆಸರು ಹೇಳಿ ಜಾರಿಕೊಳ್ಳಲು ಬಾರದಂತೆ. ಮೂರನೆಯದು ಕುರಿ. ಹೌದು, ಕುರಿ. ಫಲಕಗಳ ಕೆಳಗೆ ಹುಲ್ಲು ಬೆಳೆಯುತ್ತದೆ, ಅದನ್ನು ಕೊಯ್ಯಲು ಕಂಪನಿ ದುಡ್ಡು ಕೊಡುತ್ತದೆ. ಬೇಲಿಯ ಹೊರಗೆ ಮೇವಿಲ್ಲದೆ ಕುರಿಗಾರ ಮಂದೆಯನ್ನು ಮಾರುತ್ತಾನೆ. ಅಮೆರಿಕ, ಆಸ್ಟ್ರೇಲಿಯಾಗಳ ಸೌರ ಸ್ಥಾವರಗಳಲ್ಲಿ ಕುರಿ ಮಂದೆಯನ್ನು ಒಳಗೆ ಬಿಟ್ಟು ಮೇಯಿಸುವುದು ಈಗ ಸಾಮಾನ್ಯ ಪದ್ಧತಿ, ಅಮೆರಿಕದಲ್ಲಿ ಮೇಯಿಸಿದ್ದಕ್ಕೆ ಕುರಿಗಾರನಿಗೇ ಹಣ ಕೊಡುತ್ತಾರೆ. ಮೇಕೆ ಬೇಡ ಎನ್ನುತ್ತಾರೆ: ಮೇಕೆ ಫಲಕದ ಮೇಲೆ ಹಾರುತ್ತದೆ, ತಂತಿ ಕಡಿಯುತ್ತದೆ. ಕುರಿ ತಲೆ ತಗ್ಗಿಸಿ ಮೇಯುತ್ತದೆ, ಬಿಸಿಲೇರಿದಾಗ ಫಲಕದ ನೆರಳಿಗೆ ಮಲಗುತ್ತದೆ. ಮಧ್ಯ ಕರ್ನಾಟಕದ ಬಯಲುಸೀಮೆಯವರಿಗೆ ಕುರಿ ಮೇಯಿಸುವುದನ್ನು ಯಾವ ಸೂರ್ಯಮಿತ್ರನೂ ಕಲಿಸಬೇಕಾಗಿಲ್ಲ.

ಇನ್ನೊಂದು ಕೆಲಸ ದೂರದಲ್ಲಿ ಕಾಯುತ್ತಿದೆ. ಫಲಕದ ಆಯುಸ್ಸು ಸುಮಾರು 25 ವರ್ಷ. 2018ರಲ್ಲಿ, ಶಕ್ತಿ ಸ್ಥಳದ ಮೊದಲ ಸ್ವಿಚ್ ಒತ್ತಿದ ವರ್ಷ ತಿರುಮಣಿಯಲ್ಲಿ ಹುಟ್ಟಿದ ಮಗುವಿಗೆ ಆಗ ದುಡಿಯುವ ವಯಸ್ಸು. 13,000 ಎಕರೆಯ ಫಲಕಗಳನ್ನು ಒಂದೊಂದಾಗಿ ಬಿಚ್ಚಿ, ಅಲ್ಯುಮಿನಿಯಂ ಚೌಕಟ್ಟು ಬೇರೆ, ಗಾಜು ಬೇರೆ, ತಾಮ್ರ ಬೇರೆ, ಕೂದಲೆಳೆಯಷ್ಟು ತೆಳುವಾದ ಬೆಳ್ಳಿಯ ಗೆರೆ ಬೇರೆ ಮಾಡುವ ಕೆಲಸ ಆಗ ಬರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನೂ ಒಳಗೊಂಡಿವೆ, ಅದರ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆ ಬೋಲ್ಟುಗಳನ್ನು ಕೈಗವಸು, ಮುಖಗವಸು ತೊಟ್ಟ ತಿರುಮಣಿಯ ತಂತ್ರಜ್ಞರು ತಿಂಗಳ ಸಂಬಳಕ್ಕೆ ಬಿಚ್ಚಬೇಕೆಂದರೆ, ಅದನ್ನು ಕಲಿಸುವ ಶೆಡ್ಡಿಗೆ ಬೇಕಾದ ಅರ್ಧ ಎಕರೆಯನ್ನು ಆ 13,000ದಲ್ಲಿ ಈಗಲೇ ಗುರುತು ಮಾಡಿಡಬಹುದು.